ಯುದ್ಧಕ್ಕೆ ಬೀಗ ಹಾಕಿದ ಒಂದು ಕಾನೂನು ಮತ್ತು ಹರಿಹರದ ಹೊಳೆ

2025ರ ಮೇ ತಿಂಗಳಲ್ಲಿ ಗಡಿಯಲ್ಲಿ ನಾಲ್ಕು ದಿನ ಕಾಳಗ ನಡೆಯಿತಲ್ಲ, ಆಗಿನ ಮಾತು. ಕೊಕ್ಕನೂರಿಂದ ಹರಿಹರಕ್ಕೆ ಹೋದವನು ದೊಡ್ಡಪ್ಪನ ಜೊತೆ ಒಂದು ಅಂಗಡಿಯಲ್ಲಿ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಕೂತಿದ್ದೆ. ಅಂಗಡಿಯ ಟಿವಿಯಲ್ಲಿ ಸೈರನ್ ಸದ್ದು, ಕೆಂಪು ಅಕ್ಷರ, ಕಿರುಚಾಟ. ದೊಡ್ಡಪ್ಪ ಅರ್ಧ ಕಚ್ಚಿದ ಮಿರ್ಚಿಯನ್ನು ಕೈಯಲ್ಲೇ ಹಿಡಿದುಕೊಂಡು ಕೇಳಿದರು:

“ಅಲ್ಲಪಾ, ಯುದ್ಧ ಮಾಡ್ಬೇಕಂದ್ರೆ ಪಾರ್ಲಿಮೆಂಟಿನಾಗೆ ಓಟು ಹಾಕಿಸ್ಬೇಕೇನು? ಇಲ್ಲ, ಮೇಲಿನೋರು ಹೂಂ ಅಂದ್ರೆ ಸಾಕೇನು?”

“ಓಟೇನೂ ಬೇಕಾಗಿಲ್ಲ ದೊಡ್ಡಪ್ಪ. ಸಂಪುಟ ತೀರ್ಮಾನ ಮಾಡಿದ್ರೆ ಸಾಕು” ಅಂದೆ.

“ಹಂಗಾರೆ ಬ್ಯಾಡ ಅನ್ನೋರು ಯಾರು?”

ಉತ್ತರ ಬಾಯಿಗೆ ಬರಲಿಲ್ಲ. ಮಿರ್ಚಿ ಖಾರ ಇತ್ತು ಅಂತ ನೀರು ಕುಡಿದು ಸುಮ್ಮನಾದೆ. ಮನೆಗೆ ಬಂದ ಮೇಲೆ ಪ್ರಶ್ನೆ ಬಿಡಲಿಲ್ಲ. ಹಳೆಯ ಪುಸ್ತಕಗಳನ್ನು ತಿರುವಿ ಹಾಕುತ್ತಾ ಹೋದೆ. ಅಮೆರಿಕ, ಇಂಗ್ಲೆಂಡ್ ಅಂತ ಸುತ್ತಿ ಸುತ್ತಿ ಕೊನೆಗೆ ಬಂದು ನಿಂತಿದ್ದು ಎಲ್ಲಿ ಗೊತ್ತೆ? ನಮ್ಮ ಹರಿಹರದ ಹೊಳೆ ದಂಡೆಯಲ್ಲೇ! ಒಬ್ಬ ಆಡಳಿತಗಾರ ತಾನಾಗಿ ಯುದ್ಧ ಹೂಡಬಾರದು ಎಂದು ಸ್ಪಷ್ಟವಾಗಿ ಬರೆದಿಟ್ಟ ಒಂದು ಕಾನೂನು ಇತ್ತು. ಆ ಕಾನೂನು ಜಾರಿಯಲ್ಲಿದ್ದಾಗಲೇ ನಮ್ಮ ಮೈಸೂರಿನ ಮೇಲೆ ಎರಡು ಯುದ್ಧ ನಡೆದುಹೋದವು. ಆ ಯುದ್ಧದ ಬಾಲ ನಮ್ಮೂರ ಹೊಳೆ ದಾಟಿಕೊಂಡು ಹೋಯಿತು. ಆ ಕಥೆ ಇದು.

ಮೊದಲೇ ಒಂದು ಮಾತು. ಟಿಪ್ಪು ಒಳ್ಳೆಯವನೋ ಕೆಟ್ಟವನೋ ಎಂಬ ಜಗಳಕ್ಕೆ ನಾನು ಬರುವುದಿಲ್ಲ. ಅದಕ್ಕೆ ಬೇರೆ ಜಾಗಗಳು ಬೇಕಾದಷ್ಟಿವೆ. ಇಲ್ಲಿನ ಪ್ರಶ್ನೆ ಬೇರೆ: ದಂಡು ಹೊರಡಿಸುವ ಅಧಿಕಾರ ಯಾರದು, ಅದಕ್ಕೆ ಕಡಿವಾಣ ಯಾರ ಕೈಯಲ್ಲಿದೆ?

*

ಈಸ್ಟ್ ಇಂಡಿಯಾ ಕಂಪನಿ ಹೆಸರಿಗೆ ವ್ಯಾಪಾರದ ಕಂಪನಿ. ಆದರೆ 1770ರ ದಶಕದಲ್ಲಿ ಅದರ ನೌಕರರು ಇಲ್ಲಿ ಒಂದರ ಮೇಲೊಂದು ಯುದ್ಧ ಹೂಡುತ್ತಿದ್ದರು. 1773ರ ಕಾಯ್ದೆ ಮದರಾಸು, ಮುಂಬೈಯವರು ಕಲ್ಕತ್ತೆಯ ಒಪ್ಪಿಗೆ ಇಲ್ಲದೆ ಯುದ್ಧಕ್ಕೆ ಹೋಗಬಾರದು ಎಂದು ಹೇಳಿತು. ಎರಡು ವರ್ಷಕ್ಕೇ, 1775ರಲ್ಲಿ, ಮುಂಬೈಯವರು ಯಾರನ್ನೂ ಕೇಳದೆ ರಘುನಾಥರಾಯನ ಜೊತೆ ಸೂರತ್ ಒಪ್ಪಂದ ಮಾಡಿಕೊಂಡು ಮರಾಠರ ಮೇಲೆ ಬಿದ್ದರು. 1780ರಲ್ಲಿ ಹೈದರಾಲಿ ಆರ್ಕಾಟಿನ ಸೀಮೆಗೆ ನುಗ್ಗಿದ. ಆ ವರ್ಷದ ಸೆಪ್ಟೆಂಬರಿನಲ್ಲಿ ಪೊಳ್ಳಿಲೂರಿನಲ್ಲಿ ಕಂಪನಿಯ ಒಂದು ದಂಡೇ ನಾಶವಾಯಿತು. ಲಂಡನ್ನಿನಲ್ಲಿ ಗದ್ದಲವೆದ್ದಿತು. ಲಾಭ ತರಬೇಕಾದ ಕಂಪನಿ ಸಾಲ ತರುತ್ತಿದೆ, ಸಾಲದ ಜೊತೆಗೆ ಅವಮಾನವನ್ನೂ!

1782ರಲ್ಲಿ ಹೆನ್ರಿ ಡಂಡಾಸ್ ಎಂಬ ಸದಸ್ಯ ಅಲ್ಲಿನ ಕಾಮನ್ಸ್ ಸಭೆಯಲ್ಲಿ ಒಂದು ನಿರ್ಣಯ ತಂದ. ಭಾರತದಲ್ಲಿ ಗೆದ್ದು ರಾಜ್ಯ ವಿಸ್ತರಿಸುವ ಯೋಜನೆಗಳು ಈ ರಾಷ್ಟ್ರದ ಇಚ್ಛೆಗೆ, ಗೌರವಕ್ಕೆ, ನೀತಿಗೆ ಒಗ್ಗುವಂಥವಲ್ಲ ಎಂಬುದು ಅದರ ಸಾರ. ಎರಡು ವರ್ಷದ ನಂತರ, 1784ರ ಪಿಟ್‌ನ ಇಂಡಿಯಾ ಕಾಯ್ದೆಯಲ್ಲಿ ಈ ಮಾತು ಕಾನೂನೇ ಆಯಿತು. ಅದರ 34ನೇ ಕಲಮು ಹೇಳುವುದಿಷ್ಟು: ಕಲ್ಕತ್ತೆಯ ಗವರ್ನರ್ ಜನರಲ್ ಮತ್ತು ಅವನ ಮಂಡಳಿ, ಲಂಡನ್ನಿನ ನಿರ್ದೇಶಕರ ಅಥವಾ ಅವರ ರಹಸ್ಯ ಸಮಿತಿಯ ಸ್ಪಷ್ಟ ಅಪ್ಪಣೆ ಇಲ್ಲದೆ ಇಲ್ಲಿನ ಯಾವ ರಾಜನ ಮೇಲೂ ಯುದ್ಧ ಸಾರುವಂತಿಲ್ಲ, ಕಾಳಗ ಆರಂಭಿಸುವಂತಿಲ್ಲ, ಯುದ್ಧಕ್ಕಾಗಿ ಯಾರೊಂದಿಗೂ ಒಪ್ಪಂದ ಮಾಡಿಕೊಳ್ಳುವಂತಿಲ್ಲ.

ಎಷ್ಟು ಚೆಂದದ ಕಾನೂನು ಅಲ್ಲವೆ? ಆದರೆ ಆ ಕಲಮಿನ ನಡುವೆಯೇ ಒಂದು ಬಾಗಿಲು ಇತ್ತು. ಎದುರಾಳಿ ಈಗಾಗಲೇ ಕಾಳಗ ಶುರು ಮಾಡಿದ್ದರೆ, ಅಥವಾ ಕಾಳಗಕ್ಕೆ ನಿಜವಾಗಿ ಸಿದ್ಧತೆ ನಡೆಸಿದ್ದರೆ ಅಪ್ಪಣೆ ಬೇಕಿಲ್ಲ! ಕಂಪನಿಯ ಮೇಲೆ ಮಾತ್ರವಲ್ಲ, ಕಂಪನಿ ರಕ್ಷಿಸುವುದಾಗಿ ಮಾತು ಕೊಟ್ಟ ರಾಜರ ಮೇಲೆ ಬಂದರೂ ಸಾಕು. ಹಾಗೆ ಯುದ್ಧಕ್ಕೆ ಹೋದಾಗ ಯಾವ ಸುದ್ದಿ ನಂಬಿ ಹೋದೆವು, ಯಾವ ಕಾರಣಕ್ಕೆ ಹೋದೆವು ಎಂಬುದನ್ನು ಪೂರ್ತಿಯಾಗಿ ಬರೆದು ಆದಷ್ಟು ಬೇಗ ಲಂಡನ್ನಿಗೆ ಕಳಿಸಬೇಕು ಎಂದೂ ಇತ್ತು. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಬಾಗಿಲು ಇಡುವುದು ತಪ್ಪಲ್ಲ. ಹಡಗಿನಲ್ಲಿ ಪತ್ರ ಲಂಡನ್ ಮುಟ್ಟಲು ಐದಾರು ತಿಂಗಳು, ಉತ್ತರಕ್ಕೆ ಮತ್ತೆ ಅಷ್ಟೇ. ಮನೆಗೆ ಬೆಂಕಿ ಬಿದ್ದಾಗ ಒಂದು ವರ್ಷ ಕಾಯುವುದಕ್ಕೆ ಆಗುತ್ತದೆಯೆ? ಆದರೆ “ಸಿದ್ಧತೆ ನಡೆದಿದೆ” ಎಂದು ನಿರ್ಧರಿಸುವವರು ಯಾರು? ಯುದ್ಧಕ್ಕೆ ಹೊರಡಬೇಕು ಎನ್ನುವವನೇ. ಬೀಗ ಹಾಕಿ, ಬೀಗದ ಕೈಯನ್ನು ಅವನ ಉಡಿದಾರಕ್ಕೇ ಕಟ್ಟಿದ ಹಾಗಾಯಿತು.

*

ಈ ಬಾಗಿಲನ್ನು ಮೊದಲು ಬಳಸಿದವನು ಕಾರ್ನ್‌ವಾಲಿಸ್. ಅವನು ಕಾನೂನಿಗೆ ಹೆದರುವ ಮನುಷ್ಯನೇ. ಆದರೂ 1789ರ ಜುಲೈ 7ರಂದು ನಿಜಾಮನಿಗೆ ಒಂದು ಪತ್ರ ಬರೆದ. ಒಪ್ಪಂದ ಮಾಡಿಕೊಳ್ಳುವ ಹಾಗಿಲ್ಲವಲ್ಲ, ಅದಕ್ಕೆ ಪತ್ರ. ಆದರೆ ಈ ಪತ್ರವನ್ನು ಒಪ್ಪಂದದಷ್ಟೇ ಗಟ್ಟಿ ಎಂದು ತಿಳಿಯಬಹುದು ಎಂಬ ಮಾತು ಬೇರೆ. ಕಂಪನಿ ಕೊಡುವ ಪಡೆಯನ್ನು ಕಂಪನಿಯ ಮಿತ್ರರ ಮೇಲೆ ಬಳಸಬಾರದು ಎಂದು ಹೇಳಿ ಮಿತ್ರರ ಪಟ್ಟಿ ಕೊಟ್ಟ. ಆ ಪಟ್ಟಿಯಲ್ಲಿ ಟಿಪ್ಪುವಿನ ಹೆಸರಿರಲಿಲ್ಲ. 1784ರ ಮಾರ್ಚ್ 11ರಂದು ಮಂಗಳೂರಿನಲ್ಲಿ ಸಂಧಿ ಮಾಡಿಕೊಂಡವನ ಹೆಸರೇ ಮಾಯ! ಇದಕ್ಕಿಂತ ನೇರವಾಗಿ ಒಂದು ರಕ್ಷಣಾ ಒಪ್ಪಂದ ಮಾಡಿಕೊಂಡಿದ್ದರೇ ಟಿಪ್ಪುವಿಗೆ ಕಡಿಮೆ ಅನುಮಾನ ಬರುತ್ತಿತ್ತು ಎಂದು ಮುಂದೆ ಕಂಪನಿಯದೇ ಅಧಿಕಾರಿ ಜಾನ್ ಮಾಲ್ಕಂ ವಾದಿಸಿದ. ಯುದ್ಧ ತಡೆಯಲು ಮಾಡಿದ ಕಾನೂನು ಹೀಗೆ ಕಳ್ಳದಾರಿ ಹುಡುಕುವುದನ್ನು ಕಲಿಸಿತು.

ಇನ್ನು ಟಿಪ್ಪುವಿನ ಕಡೆ ನೋಡಿ. ಅಲ್ಲಿ ಕಾನೂನೂ ಇಲ್ಲ, ಕೇಳುವವರೂ ಇಲ್ಲ. 1789ರ ಡಿಸೆಂಬರ್ ಕೊನೆಯಲ್ಲಿ ಅವನು ತಿರುವಾಂಕೂರಿನ ಗಡಿಗೋಡೆಯ ಮೇಲೆ ದಂಡೆತ್ತಿ ಹೋಗಿ ಪೆಟ್ಟು ತಿಂದ. ತಿರುವಾಂಕೂರು ಕಂಪನಿಯ ಮಿತ್ರ. ಕಾರ್ನ್‌ವಾಲಿಸನಿಗೆ ಬೇಕಾಗಿದ್ದ ಬಾಗಿಲು ತಾನಾಗಿ ತೆರೆಯಿತು. 1790ರ ಜೂನ್, ಜುಲೈನಲ್ಲಿ ಪೇಶ್ವೆ ಮತ್ತು ನಿಜಾಮನ ಜೊತೆ ಒಪ್ಪಂದಗಳಾದವು. 1792ರ ಮಾರ್ಚಿನಲ್ಲಿ ಶ್ರೀರಂಗಪಟ್ಟಣದ ಸಂಧಿ: ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಯಾಗಿ ಇಬ್ಬರು ಮಕ್ಕಳು. ಒಬ್ಬನೇ ತೀರ್ಮಾನ ಮಾಡುವ ವ್ಯವಸ್ಥೆಯ ಬೆಲೆ ಇದು. ಬೇಡ ಅನ್ನುವವರು ಇಲ್ಲದ ಕಡೆ ರಾಜನ ತಪ್ಪು ಇಡೀ ರಾಜ್ಯದ ತಪ್ಪಾಗುತ್ತದೆ, ದಂಡ ಕಟ್ಟುವವನು ಮಾತ್ರ ರೈತ.

ಲಂಡನ್ನಿನ ಸಭೆಯಲ್ಲಿ 1791ರಲ್ಲಿ ಈ ಯುದ್ಧ 1784ರ ಕಾನೂನಿಗೆ ಸರಿಯೆ ಎಂದು ವಿರೋಧ ಪಕ್ಷದವರು ಕೇಳಿದರು. ಸರ್ಕಾರದ ಕಡೆ ಬಹುಮತ ಇತ್ತು. ಕಾರ್ನ್‌ವಾಲಿಸ್ ಮಾಡಿದ್ದು ಸರಿ ಎಂಬ ನಿರ್ಣಯವೇ ಪಾಸಾಯಿತು. 1793ರ ಸನ್ನದು ಕಾಯ್ದೆಯಲ್ಲಿ ಅದೇ ಹಳೆಯ ಕಲಮನ್ನು, ಬಾಗಿಲು ಸಮೇತ, ಮತ್ತೆ ಬರೆದಿಟ್ಟರು.

*

ಎರಡನೇ ಸಲದ ಕಥೆ ಇನ್ನೂ ಸ್ವಾರಸ್ಯ. 1798ರ ಜನವರಿ 30ರಂದು ಮಾರಿಷಸ್ ದ್ವೀಪದ ಫ್ರೆಂಚ್ ಗವರ್ನರ್ ಮಲಾರ್ತಿಕ್ ಒಂದು ಬಹಿರಂಗ ಪ್ರಕಟಣೆ ಹೊರಡಿಸಿದ. ಟಿಪ್ಪುವಿನ ದೂತರು ಬಂದಿದ್ದಾರೆ, ಇಂಗ್ಲಿಷರ ವಿರುದ್ಧ ಹೋರಾಡಲು ಮನಸ್ಸಿದ್ದವರು ಸೇರಿಕೊಳ್ಳಿ ಅಂತ. ಗುಟ್ಟಾಗಿ ಮಾಡಬೇಕಾದ ಕೆಲಸವನ್ನು ಡಂಗುರ ಸಾರಿದ ಹಾಗೆ! ಏಪ್ರಿಲ್ ಕೊನೆಯಲ್ಲಿ ಮಂಗಳೂರಿಗೆ ಬಂದಿಳಿದವರು ಸುಮಾರು ನೂರು ಮಂದಿ. ಹೌದು, ನೂರು.

ಆ ಪ್ರಕಟಣೆ ಜೂನ್ ತಿಂಗಳಲ್ಲಿ ಕಲ್ಕತ್ತೆಯ ಪತ್ರಿಕೆಯಲ್ಲಿ ಬಂತು. ಹೊಸ ಗವರ್ನರ್ ಜನರಲ್ ವೆಲ್ಲೆಸ್ಲಿ (ಆಗ ಲಾರ್ಡ್ ಮಾರ್ನಿಂಗ್ಟನ್) ಅದೇ ತಿಂಗಳು ಮದರಾಸಿಗೆ ದಂಡು ಕೂಡಿಸಲು ಆಜ್ಞೆ ಕಳಿಸಿದ. ಮದರಾಸು ಸರ್ಕಾರದ ಕಾರ್ಯದರ್ಶಿ ಜೋಸಯ್ಯ ವೆಬ್ ಇದಕ್ಕೆ ಉದ್ದನೆಯ ಆಕ್ಷೇಪ ಬರೆದ. ಬೊಕ್ಕಸದಲ್ಲಿ ಹಣ ಇಲ್ಲ, ದಂಡು ಸಜ್ಜಾಗಿಲ್ಲ, ಈಗ ಮೇಲೆ ಬಿದ್ದು ಸೋತರೆ ಗತಿಯೇನು ಎಂದು. ಒಳಗಿನವನೇ ಹೇಳಿದ “ಬೇಡ” ಅದು. ವೆಲ್ಲೆಸ್ಲಿ ಅದನ್ನು ಪಕ್ಕಕ್ಕೆ ಸರಿಸಿದ. ಆಗಸ್ಟ್ 12ರಂದು ತನ್ನ ಕಾರಣಗಳನ್ನೆಲ್ಲ ವಿಸ್ತಾರವಾಗಿ ಬರೆದಿಟ್ಟ. ಫ್ರೆಂಚರ ಜೊತೆ ಕೂಡುವುದೇ ಯುದ್ಧದ ಸಿದ್ಧತೆ ಎಂಬುದು ಅವನ ವಾದ.

ಲಂಡನ್ನಿನ ರಹಸ್ಯ ಸಮಿತಿಯೂ ಜೂನ್ 18ರಂದು ಇಂಥದ್ದೇ ಅರ್ಥದ ಪತ್ರ ಬರೆದಿತ್ತು: ಟಿಪ್ಪು ನಿಜವಾಗಿ ಹೀಗೆ ಮಾಡಿದ್ದರೆ ಅವನೇ ಮೊದಲು ಕೈ ಮಾಡಲಿ ಎಂದು ಕಾಯಬೇಕಾಗಿಲ್ಲ. ಈ ಪತ್ರ ಇನ್ನೂ ಸಮುದ್ರದ ಮೇಲಿದ್ದಾಗಲೇ ಇಲ್ಲಿ ಎತ್ತು, ಬಂಡಿ, ಅಕ್ಕಿ ಮೂಟೆಗಳ ಲೆಕ್ಕ ಶುರುವಾಗಿತ್ತು. ಆಗ ಲಂಡನ್ನಿನಲ್ಲಿ ಇಂಡಿಯಾದ ವ್ಯವಹಾರ ನೋಡುತ್ತಿದ್ದವನು ಯಾರು ಗೊತ್ತೆ? 1782ರಲ್ಲಿ ಆ ನಿರ್ಣಯ ತಂದ ಅದೇ ಡಂಡಾಸ್!

ಇನ್ನೂ ಒಂದು ವಿಷಯ. 1798ರ ಆಗಸ್ಟ್ 1ರಂದು ಈಜಿಪ್ಟಿನ ತೀರದಲ್ಲಿ ನೆಲ್ಸನ್ ಫ್ರೆಂಚ್ ಹಡಗುಪಡೆಯನ್ನು ಸುಟ್ಟುಹಾಕಿದ. ಅಕ್ಟೋಬರ್ ಕೊನೆಗೆ ಆ ಸುದ್ದಿ ಕಲ್ಕತ್ತೆ ಮುಟ್ಟಿತು. ನವೆಂಬರ್ 4ರಂದು ವೆಲ್ಲೆಸ್ಲಿಯೇ ಅದನ್ನು ಟಿಪ್ಪುವಿಗೆ ಬರೆದು ತಿಳಿಸಿದ. ಅಂದರೆ ಫ್ರೆಂಚರ ದೊಡ್ಡ ಸಹಾಯ ಬರುವ ದಾರಿ ಬಹಳಮಟ್ಟಿಗೆ ಮುಚ್ಚಿತ್ತು. ಆದರೆ ಹೊರಟ ದಂಡು ನಿಲ್ಲಲಿಲ್ಲ. 1799ರ ಫೆಬ್ರವರಿ 22ರಂದು ಯುದ್ಧದ ಘೋಷಣೆ, ಮೇ 4ರಂದು ಶ್ರೀರಂಗಪಟ್ಟಣ ಬಿತ್ತು, ಟಿಪ್ಪು ಸತ್ತ. ನೂರು ಜನ ಬಂದಿಳಿದದ್ದಕ್ಕೆ ಉತ್ತರವಾಗಿ 20 ಸಾವಿರಕ್ಕೂ ಹೆಚ್ಚಿನ ಕಂಪನಿ ದಂಡು, ಮೇಲೆ ನಿಜಾಮನ ಪಡೆ.

ಟಿಪ್ಪು ಇಂಗ್ಲಿಷರ ವಿರುದ್ಧ ಫ್ರೆಂಚರ ನೆರವು ಹುಡುಕುತ್ತಿದ್ದದ್ದು ಸುಳ್ಳಲ್ಲ. ಆದರೆ ಕಾನೂನು ಕೇಳಿದ್ದು ಮನಸ್ಸಿನಲ್ಲಿ ಏನಿದೆ ಎಂದಲ್ಲ, “ನಿಜವಾಗಿ ಸಿದ್ಧತೆ” ಇದೆಯೆ ಎಂದು. ಅದನ್ನು ಅಳೆದವನು, ತೂಗಿದವನು, ತೀರ್ಪು ಕೊಟ್ಟವನು ಒಬ್ಬನೇ.

ಆ ಮೇಲೆ ಪಾರ್ಲಿಮೆಂಟು ಏನು ಮಾಡಿತು? ವಂದನೆ ಸಲ್ಲಿಸಿತು. ವೆಲ್ಲೆಸ್ಲಿ ಮಾರ್ಕ್ವೆಸ್ ಆದ. ಕಂಪನಿ ವರ್ಷಕ್ಕೆ 5,000 ಪೌಂಡಿನಂತೆ 20 ವರ್ಷ ಗೌರವಧನ ಕೊಟ್ಟಿತು. ಅದೇ ಮನುಷ್ಯ ಅದೇ ಧಾಟಿಯಲ್ಲಿ ಮರಾಠರ ಮೇಲೆ ಹೋದಾಗ, 1805ರಲ್ಲಿ ಭರತಪುರದ ಕೋಟೆಯನ್ನು ನಾಲ್ಕು ಸಲ ಏರಿಯೂ ಹಿಡಿಯಲಾಗದೆ, ಸಾಲ ಏರುತ್ತಾ ಹೋದಾಗ ಮಾತ್ರ ನಿರ್ದೇಶಕರಿಗೆ ಕಾನೂನು ನೆನಪಾಯಿತು. ಅವನ ಜಾಗಕ್ಕೆ ಬೇರೆಯವರನ್ನು ಕಳಿಸಿದರು. ಗೆದ್ದಾಗ ಯಾರೂ ಕೇಳದ ಪ್ರಶ್ನೆ ಸೋತಾಗ ಎಲ್ಲರ ಬಾಯಲ್ಲೂ ಬಂತು.

*

ಈಗ ನಮ್ಮ ಹೊಳೆಗೆ ಬರೋಣ. ಶ್ರೀರಂಗಪಟ್ಟಣ ಬಿದ್ದ ದಿನ ಅಲ್ಲಿನ ಸೆರೆಮನೆಯಿಂದ ಹೊರಬಿದ್ದವರಲ್ಲಿ ಧೋಂಡಿಯ ವಾಘ್ ಒಬ್ಬ. ಹುಟ್ಟಿದ್ದು ಚನ್ನಗಿರಿಯಲ್ಲಿ, ಅಂದರೆ 1997ರಿಂದ ನಮ್ಮದೇ ದಾವಣಗೆರೆ ಜಿಲ್ಲೆಗೆ ಸೇರಿದ ಊರಲ್ಲಿ. ಹೈದರನ ಕಾಲದಿಂದ ಕುದುರೆ ಸವಾರ. ಕೆಲಸ ಕಳೆದುಕೊಂಡ ಟಿಪ್ಪುವಿನ ಸಿಪಾಯಿಗಳೆಲ್ಲ ಇವನ ಸುತ್ತ ಸೇರಿದರು. ಬಿದನೂರು, ಶಿವಮೊಗ್ಗದ ಸೀಮೆಯಲ್ಲಿ ಕೋಟೆಗಳನ್ನು ಹಿಡಿದ. ತನ್ನನ್ನು ಎರಡು ಲೋಕದ ಒಡೆಯ ಎಂದು ಕರೆದುಕೊಂಡ. ಕೆಲವರಿಗೆ ಅವನು ಲೂಟಿಕೋರ, ಕೆಲವರಿಗೆ ಸ್ವಾತಂತ್ರ್ಯ ವೀರ. ಯುದ್ಧ ಮುಗಿಯಿತು ಎಂದು ಕಲ್ಕತ್ತೆಯಲ್ಲಿ ಪಟಾಕಿ ಹೊಡೆದರೂ ಮುಗಿಯದೆ ಉಳಿದ ಯುದ್ಧ ಅವನು ಎಂಬುದಂತೂ ನಿಜ.

1799ರ ಆಗಸ್ಟ್‌ನಲ್ಲಿ ಇಂಗ್ಲಿಷ್ ದಂಡು ಬೆನ್ನಟ್ಟಿದಾಗ ಧೋಂಡಿಯ ಗಡಿ ದಾಟಿ ಮರಾಠ ಸೀಮೆಗೆ ನುಸುಳಿದ. ಆಗ ಮೈಸೂರು ಪೇಶ್ವೆಯ ಸೀಮೆಯನ್ನು ಮುಟ್ಟುತ್ತಿದ್ದದ್ದು ನಮ್ಮ ತುಂಗಭದ್ರೆಯ ದಂಡೆಯಲ್ಲೇ. (1956ರ ನವೆಂಬರ್ 1ರವರೆಗೂ ಹೊಳೆ ಈಚೆ ಮೈಸೂರು, ಆಚೆ ಮುಂಬೈ ಆಗಿಯೇ ಇತ್ತು. ನಮ್ಮ ಹಿರಿಯರಿಗೆ ರಾಣೆಬೆನ್ನೂರು ಪರರಾಜ್ಯ!) ಮರು ವರ್ಷ ಮದರಾಸಿನಿಂದ ಆಜ್ಞೆ ಬಂತು: ಅವನು ಎಲ್ಲಿದ್ದರೂ ಬೆನ್ನಟ್ಟಿ ಹಿಡಿದು, ಸಿಕ್ಕ ಮೊದಲ ಮರಕ್ಕೆ ನೇತುಹಾಕಿ. ಆಜ್ಞೆಗೆ ಸಹಿ ಹಾಕಿದ ಕಾರ್ಯದರ್ಶಿ ಯಾರು? ಎರಡು ವರ್ಷ ಹಿಂದೆ ಯುದ್ಧ ಬೇಡ ಎಂದು ಬರೆದ ಅದೇ ವೆಬ್! ಬೇಡ ಅಂದವನೂ ಒಮ್ಮೆ ಬಂಡಿ ಉರುಳಿದ ಮೇಲೆ ಅದರ ಹಿಂದೆಯೇ ನಡೆಯಬೇಕಾಗುತ್ತದೆ.

ಆಜ್ಞೆ ನಡೆಸಲು ಬಂದವನು ಗವರ್ನರ್ ಜನರಲನ ತಮ್ಮ ಆರ್ಥರ್ ವೆಲ್ಲೆಸ್ಲಿ, 1815ರಲ್ಲಿ ವಾಟರ್‌ಲೂನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಆಸಾಮಿ. ಪೇಶ್ವೆಯ ಒಪ್ಪಿಗೆ ಪಡೆದಿದ್ದರು. 1800ರ ಜೂನ್‌ನಲ್ಲಿ ಅವನ ಬಿಡಾರ ಹರಿಹರದಲ್ಲಿ ಬಿತ್ತು. ಮಳೆಗಾಲದ ಹೊಳೆ, ಸೇತುವೆ ಇಲ್ಲ (ನಮ್ಮ ಹಳೇ ಸೇತುವೆ ಮುಗಿದದ್ದು 1868ರಲ್ಲಿ). ಜೂನ್ ಕೊನೆಯ ವಾರದ ಹೊತ್ತಿಗೆ ದಂಡು ಆಚೆ ದಡ ಸೇರಿತು. 27ರಂದು ರಾಣೆಬೆನ್ನೂರಿನ ಕೋಟೆಯನ್ನು ಏರಿ ಹಿಡಿದರು. ಸೆಪ್ಟೆಂಬರ್ 10ರಂದು ನಿಜಾಮನ ಸೀಮೆಯಲ್ಲಿ ಧೋಂಡಿಯ ಕಾಳಗದಲ್ಲಿ ಸತ್ತ. ಅವನ ಸಾಮಾನು ಬಂಡಿಗಳ ನಡುವೆ ಸಿಕ್ಕ ಎಳೆಯ ಮಗನನ್ನು ಆರ್ಥರ್ ಸಾಕಲು ವ್ಯವಸ್ಥೆ ಮಾಡಿದ.

ಇದಕ್ಕೆ ಯಾರೂ ಯುದ್ಧ ಎನ್ನಲಿಲ್ಲ. ದರೋಡೆಕೋರನೊಬ್ಬನನ್ನು ಹಿಡಿಯುವ ಕೆಲಸ, ಅಷ್ಟೆ. ಯುದ್ಧವೇ ಅಲ್ಲ ಅಂದಮೇಲೆ ಯುದ್ಧದ ಕಾನೂನು ಎಲ್ಲಿ ಬಂತು? ಹೆಸರು ಬದಲಿಸುವ ಈ ಉಪಾಯಕ್ಕೆ ಆಯುಷ್ಯ ಜಾಸ್ತಿ. 1948ರ ಸೆಪ್ಟೆಂಬರಿನಲ್ಲಿ ಹೈದರಾಬಾದಿಗೆ ನಮ್ಮ ಸೈನ್ಯವೇ ಹೋದರೂ ಹೆಸರು “ಪೊಲೀಸ್ ಕಾರ್ಯಾಚರಣೆ”. 1950ರಲ್ಲಿ ಕೊರಿಯಾಕ್ಕೆ ಅಮೆರಿಕದ ಸೈನ್ಯ ಹೋದಾಗಲೂ ಅಧ್ಯಕ್ಷ ಟ್ರೂಮನ್ ಒಪ್ಪಿಕೊಂಡ ಹೆಸರು ಅದೇ. ಎರಡರ ಉದ್ದೇಶ ಬೇರೆ, ಫಲ ಬೇರೆ. ಹೆಸರಿನ ಲಾಭ ಮಾತ್ರ ಒಂದೇ.

ದಂಡು ಹೋದರೂ ಪೂರ್ತಿ ಹೋಗಲಿಲ್ಲ ಅನ್ನಿ. ಹರಿಹರದ ಹತ್ತಿರ 1865ರವರೆಗೂ ಒಂದು ದೇಶೀ ಪಡೆಯ ದಂಡುಪ್ರದೇಶ ಇತ್ತು. ಯುದ್ಧ ಶುರುವಾಗುವುದು ಒಬ್ಬರ ಮೇಜಿನ ಮೇಲೆ, ಆದರೆ ಅದು ತಲೆಮಾರುಗಟ್ಟಲೆ ಕೂತುಬಿಡುವುದು ಇನ್ಯಾರದೋ ಊರಿನಲ್ಲಿ.

*

ಈಗ ನಮ್ಮ ಸಂವಿಧಾನಕ್ಕೆ ಬಂದರೆ, ದೊಡ್ಡಪ್ಪನಿಗೆ ನಾನು ಹೇಳಿದ್ದು ತಪ್ಪಲ್ಲ. ಸೇನೆಯ ಸರ್ವೋಚ್ಚ ಅಧಿಪತ್ಯ ರಾಷ್ಟ್ರಪತಿಯದು, ಅದನ್ನು ಕಾನೂನಿನ ಪ್ರಕಾರ ಚಲಾಯಿಸಬೇಕು ಎನ್ನುತ್ತದೆ 53ನೇ ವಿಧಿ. 74ನೇ ವಿಧಿಯಂತೆ ರಾಷ್ಟ್ರಪತಿ ನಡೆಯುವುದು ಮಂತ್ರಿಮಂಡಲದ ಸಲಹೆಯಂತೆ. “ಯುದ್ಧ ಮತ್ತು ಶಾಂತಿ” ಕೇಂದ್ರ ಪಟ್ಟಿಯ 15ನೇ ವಿಷಯ, ಅಂದರೆ ಸಂಸತ್ತು ಅದರ ಮೇಲೆ ಕಾನೂನು ಮಾಡಬಹುದು. ಆದರೆ ಯುದ್ಧಕ್ಕೆ ಮೊದಲು ಸಂಸತ್ತಿನ ಮತ ಬೇಕು ಎಂದು ಎಲ್ಲೂ ಬರೆದಿಲ್ಲ. 1987ರಲ್ಲಿ ಶ್ರೀಲಂಕಾಕ್ಕೆ ಶಾಂತಿಪಾಲನಾ ಪಡೆ ಹೋದದ್ದು ಸಂಸತ್ತು ಮೊದಲೇ ಮತ ಹಾಕಿ ಕಳಿಸಿದ್ದಲ್ಲ. 1990ರಲ್ಲಿ ವಾಪಸು ಬರುವ ಹೊತ್ತಿಗೆ ಸತ್ತ ನಮ್ಮ ಸೈನಿಕರು ಸುಮಾರು 1,200.

ಹಾಗಂತ ಕಡಿವಾಣವೇ ಇಲ್ಲವೆಂದಲ್ಲ. ಯುದ್ಧದ ಹೆಸರಿನಲ್ಲಿ ತುರ್ತುಪರಿಸ್ಥಿತಿ ಸಾರಿದರೆ, 1978ರ 44ನೇ ತಿದ್ದುಪಡಿಯ ನಂತರ, ಸಂಪುಟದ ಲಿಖಿತ ತೀರ್ಮಾನ ಬೇಕು, ಒಂದು ತಿಂಗಳೊಳಗೆ ಎರಡೂ ಸದನಗಳ ವಿಶೇಷ ಬಹುಮತ ಬೇಕು. ಸೇನೆಯ ಒಂದೊಂದು ರೂಪಾಯಿಗೂ ಸಂಸತ್ತಿನ ಮಂಜೂರಾತಿ ಬೇಕು. ಈ ಹಣದ ಕಡಿವಾಣ ಹಳೆಯದು. 1858ರ ಕಾಯ್ದೆಯ 55ನೇ ಕಲಮಿನಲ್ಲೇ, ಗಡಿಯಾಚೆಯ ಯುದ್ಧಕ್ಕೆ ಭಾರತದ ಹಣ ಬಳಸಲು ಪಾರ್ಲಿಮೆಂಟಿನ ಒಪ್ಪಿಗೆ ಬೇಕು ಎಂದಿತ್ತು. ಅದರಲ್ಲೂ, ಆಕ್ರಮಣ ತಡೆಯಲು ಹೊರತು ಎಂಬ ಬಾಗಿಲು ಇದ್ದೇ ಇತ್ತು ಅನ್ನಿ!

ಬೇರೆಯವರದೂ ನೋಡಿ. ಅಮೆರಿಕದಲ್ಲಿ 1973ರ ಕಾನೂನಿನಂತೆ ಅಧ್ಯಕ್ಷ 48 ಗಂಟೆಯೊಳಗೆ ಕಾಂಗ್ರೆಸ್ಸಿಗೆ ತಿಳಿಸಬೇಕು, ಒಪ್ಪಿಗೆ ಸಿಗದಿದ್ದರೆ 60 ದಿನಕ್ಕೆ ನಿಲ್ಲಿಸಬೇಕು. ಅದನ್ನು ಹಲವು ಅಧ್ಯಕ್ಷರು ಹಲವು ರೀತಿ ಓದಿಕೊಂಡಿದ್ದಾರೆ. ಬ್ರಿಟನ್ನಿನಲ್ಲಿ ಕಾನೂನೇ ಇಲ್ಲ. ಆದರೂ 2003ರಲ್ಲಿ ಇರಾಕ್ ಯುದ್ಧಕ್ಕೆ ಮೊದಲು ಮತ ಹಾಕಿಸಿದರು, 412-149ರಲ್ಲಿ ಪಾಸಾಯಿತು. 2013ರಲ್ಲಿ ಸಿರಿಯಾದ ಮೇಲೆ ದಾಳಿಯ ಪ್ರಸ್ತಾಪ 285-272ರಲ್ಲಿ ಬಿದ್ದುಹೋಯಿತು, ಸರ್ಕಾರ ಕೈಬಿಟ್ಟಿತು. 1784ರಲ್ಲಿ ಬರೆದಿಟ್ಟ ಕಾನೂನು ಮಾಡಲಾಗದ ಕೆಲಸವನ್ನು ಬರೆಯದ ಪದ್ಧತಿಯೊಂದು ಮಾಡಿತು.

ನನಗೆ ಅನ್ನಿಸುವುದು ಇಷ್ಟು. ಶತ್ರು ಮೇಲೆ ಬಿದ್ದಾಗ ಮತ ಹಾಕುತ್ತಾ ಕೂರಲು ಆಗುವುದಿಲ್ಲ, ಬಾಗಿಲು ಬೇಕೇ ಬೇಕು. ಆದರೆ ಬಾಗಿಲು ದಾಟಿದವನು ತಾನು ಯಾಕೆ ದಾಟಿದೆ ಎಂದು ಬೇರೆಯವರ ಮುಂದೆ ಬೇಗ ಹೇಳಬೇಕು, ಕೇಳಿಸಿಕೊಳ್ಳುವವರು ಗೆದ್ದಿದ್ದಾನೋ ಸೋತಿದ್ದಾನೋ ಎಂದು ನೋಡದೆ ಕೇಳಬೇಕು. ಆ 34ನೇ ಕಲಮಿನಲ್ಲಿ ನಿಜಕ್ಕೂ ಬದುಕಿ ಉಳಿದದ್ದು ಕಾರಣ ಬರೆದು ಕಳಿಸಬೇಕು ಎಂಬ ಮಾತು ಮಾತ್ರ. ಅದರಿಂದ ಯುದ್ಧ ನಿಲ್ಲಲಿಲ್ಲ, ನಿಜ. ಆದರೆ ಎರಡು ಶತಮಾನ ಕಳೆದ ಮೇಲೂ ನಾವು ಆ ಕಾಗದಗಳನ್ನು ಬಿಚ್ಚಿ ನೂರು ಜನರನ್ನೂ 20 ಸಾವಿರವನ್ನೂ ಪಕ್ಕಪಕ್ಕ ಇಟ್ಟು ನೋಡಬಹುದು. ಟಿಪ್ಪು 1789ರಲ್ಲಿ ತಿರುವಾಂಕೂರಿನ ಮೇಲೆ ಯಾಕೆ ಹೋದ ಎಂಬುದಕ್ಕೆ ಮೈಸೂರಿನ ಜನ ಅವನನ್ನು ಹೀಗೆ ಕೇಳುವ ಸಾಧ್ಯತೆಯೇ ಇರಲಿಲ್ಲ.

ಮೊನ್ನೆ ದೊಡ್ಡಪ್ಪನಿಗೆ ಇದನ್ನೆಲ್ಲ ಹೇಳಿದೆ. ಪೂರ್ತಿ ಕೇಳಿ, ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು ಅಂದರು:

“ಅಂದ್ರೆ ಬ್ಯಾಡ ಅನ್ನೋರು ಇಲ್ಲ ಅನ್ನು. ಯಾಕೆ ಅಂತ ಕೇಳೋರಾದ್ರೂ ಇರ್ಬೇಕಲ್ಲಪಾ.”

ನಾನು ಇಷ್ಟುದ್ದ ಬರೆದದ್ದನ್ನು ಅವರು ಒಂದೇ ಸಾಲಲ್ಲಿ ಮುಗಿಸಿದರು. ನೀವೇನಂತೀರಿ?